ಸೂರಿಲ್ಲದ ಕಟ್ಟಡ ನೋಡಲು ವೇಲ್ಸ್‌ಗೆ: ಕೋಟೆ, ಅಬ್ಬಿಗಳ ಕಾರು ಪ್ರವಾಸ ಹೀಗೆ ಮಾಡಿ

ಟಿಂಟರ್ನ್ ಅಬ್ಬಿ ಅನ್ನುವ ಪಾಳುಬಿದ್ದ ಹಳೆಯ ಕ್ರೈಸ್ತ ಮಠದ ಟಿಕೆಟ್ ಕೌಂಟರಿನ ಮುಂದೆ ನಮ್ಮತ್ತೆ ಕೇಳಿದ ಪ್ರಶ್ನೆ ನಮ್ಮ ಮನೆಯಲ್ಲಿ ಈಗ ಗಾದೆ ಆಗಿಬಿಟ್ಟಿದೆ. “ಅಲ್ಲಮ್ಮಾ, ಸೂರೇ ಇಲ್ಲದ ಕಟ್ಟಡ ನೋಡೋಕೂ ದುಡ್ಡು ಕೊಡಬೇಕಾ?” ನ್ಯಾಯವಾದ ಪ್ರಶ್ನೆಯೇ. ಆದರೆ ಒಳಗೆ ಹೋದ ಮೇಲೆ ಅವರನ್ನು ಅಲ್ಲಿಂದ ಹೊರಡಿಸಲು ನಮಗೆ ಸಾಕುಸಾಕಾಯಿತು. ಕಾಲಡಿ ಹುಲ್ಲು, ತಲೆ ಮೇಲೆ ಮೋಡ, ನಡುವೆ ಗಾಜಿಲ್ಲದ ಭಾರಿ ಕಿಟಕಿಗಳು, ಅವುಗಳ ಆಚೆ ಕಾಡು ಹೊದ್ದ ಗುಡ್ಡ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿದವರಿಗೆ ಸ್ವಲ್ಪ ಅಂದಾಜು ಸಿಗಬಹುದು. ಅಲ್ಲಿ ನೀರು, ಇಲ್ಲಿ ಹುಲ್ಲು. ಗಾತ್ರ ಮಾತ್ರ ಇಲ್ಲಿ ತುಂಬಾ ದೊಡ್ಡದು.

ಇದನ್ನು ಬರೆಯುತ್ತಿರುವುದು ಇಂಗ್ಲೆಂಡಿನಲ್ಲಿದ್ದುಕೊಂಡು ಈ ವಾರಾಂತ್ಯ ಎಲ್ಲಿಗೆ ಹೋಗೋಣ ಅನ್ನುವವರಿಗೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಲಂಡನ್ ತೋರಿಸಿ ಮುಗಿದ ಮೇಲೆ ಮುಂದೇನು ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ 600ಕ್ಕೂ ಜಾಸ್ತಿ ಕೋಟೆಗಳಿವೆ ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪಟ್ಟಿ ಹಿಡಿದು ಹೊರಟರೆ ಕೆಟ್ಟಿರಿ. ನನ್ನ ನಿಯಮ ಒಂದೇ: ದಿನಕ್ಕೆ ಎರಡು. ಬೆಳಿಗ್ಗೆ ಒಂದು ಕೋಟೆ, ಊಟ ಆದ ಮೇಲೆ ಒಂದು ಅಬ್ಬಿ. ಮೂರನೆಯದಕ್ಕೆ ಆಸೆ ಪಟ್ಟ ದಿನಗಳಲ್ಲೇ ನಾವು ಕಾರಿನಲ್ಲಿ ಜಗಳ ಆಡಿದ್ದು.

ಕೋಟೆ ನೀರಿನ ಬಳಿ, ಅಬ್ಬಿ ದಾರಿ ಮುಗಿಯುವ ಕಡೆ

ಮ್ಯಾಪ್ ತೆಗೆಯುವ ಮೊದಲು ಇದೊಂದು ಗೊತ್ತಿದ್ದರೆ ಅರ್ಧ ಪ್ಲಾನ್ ತಾನಾಗಿಯೇ ಆಗುತ್ತದೆ.

ದೊಡ್ಡ ಕೋಟೆಗಳೆಲ್ಲ ಸಾಮಾನ್ಯವಾಗಿ ಸಮುದ್ರದ ದಡದಲ್ಲಿ, ಇಲ್ಲವೇ ನದಿಯ ಬದಿಯಲ್ಲಿವೆ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1282-83ರಲ್ಲಿ ಉತ್ತರ ವೇಲ್ಸ್ ಗೆದ್ದ ಮೇಲೆ ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್ ಕೋಟೆಗಳನ್ನು ಕಟ್ಟಿಸಿದ. ಆಮೇಲೆ 1295ರಲ್ಲಿ ಬ್ಯೂಮಾರಿಸ್ ಶುರುವಾಯಿತು, ಅದು ಕೊನೆಗೂ ಮುಗಿಯಲೇ ಇಲ್ಲ. ಸುತ್ತ ಇದ್ದವರೆಲ್ಲ ಸೋತ ಜನ, ಯಾವಾಗ ತಿರುಗಿ ಬೀಳುತ್ತಾರೋ ಗೊತ್ತಿಲ್ಲ. ಒಳಗಿದ್ದ ಸೈನಿಕರಿಗೆ ಅಕ್ಕಿಬೇಳೆ ಹಡಗಿನಲ್ಲೇ ಬರಬೇಕಿತ್ತು (ಅಕ್ಕಿಬೇಳೆ ಅಂದಿದ್ದು ಅಭ್ಯಾಸಬಲ, ಗೋಧಿ ಅಂದುಕೊಳ್ಳಿ). ಕೋಟೆಯ ಜತೆಗೇ ಪೇಟೆ ಬೆಳೆಯಿತು, ಪೇಟೆಗೆ ಒಳ್ಳೆಯ ರಸ್ತೆ ಬಂತು. ಹಾಗಾಗಿ ಇವತ್ತು ನೀವು ಆರಾಮಾಗಿ ಕಾರಿನಲ್ಲಿ ಬಾಗಿಲವರೆಗೂ ಹೋಗಬಹುದು. ಎಲ್ಲರೂ ಹಾಗೇ ಹೋಗುತ್ತಾರೆ, ಅದಕ್ಕೇ ಪಾರ್ಕಿಂಗ್ ಬೇಗ ತುಂಬುತ್ತದೆ.

ಅಬ್ಬಿಯ ಕಥೆ ಉಲ್ಟಾ. ಮಡಿಕೇರಿಯ ಅಬ್ಬಿ ಅಂದರೆ ಜಲಪಾತ, ಇಲ್ಲಿನ ಅಬ್ಬಿ ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ. ಒಂದಕ್ಕೊಂದು ಏನೂ ಸಂಬಂಧವಿಲ್ಲ, ಆದರೂ ಎರಡಕ್ಕೂ ಹೋಗುವ ದಾರಿ ಹೆಚ್ಚುಕಡಿಮೆ ಒಂದೇ ಥರ: ಕಿರಿದು, ಅಂಕುಡೊಂಕು, ಕೊನೆಗೆ ನೀರಿನ ಸದ್ದು. ವೇಲ್ಸ್‌ನ ಅಬ್ಬಿಗಳಲ್ಲಿ ಜಾಸ್ತಿ ಇದ್ದವರು ಸಿಸ್ಟರ್ಶಿಯನ್ ಪಂಥದವರು. ಬಣ್ಣ ಹಾಕದ ಉಣ್ಣೆ ಬಟ್ಟೆ ತೊಡುತ್ತಿದ್ದರು. ಜನರಿಂದ ದೂರ ಇರಬೇಕು, ಕೈಯಾರೆ ದುಡಿಯಬೇಕು ಅನ್ನುವುದು ಅವರ ನಿಯಮ. ಹಾಗಾಗಿ ಯಾರೂ ಬರದ ಕಣಿವೆ ಹುಡುಕಿಕೊಂಡು ಹೋಗಿ ಕೂತರು, ಕುರಿ ಸಾಕಿದರು, ಉಣ್ಣೆ ಮಾರಿ ದೊಡ್ಡವರಾದರು. ಇವತ್ತಿಗೂ ಅಲ್ಲಿ ಕುರಿಗಳೇ ಜಾಸ್ತಿ.

1536ರಿಂದ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಮೊದಲು ಹೋಗಿದ್ದು ಸೂರು. ಸೂರಿಗೆ ಹೊದಿಸಿದ್ದ ಸೀಸಕ್ಕೆ ಒಳ್ಳೆ ಬೆಲೆ ಇತ್ತು, ಕಿತ್ತು ಕರಗಿಸಿದರು. ಸೀಸ ಹೋದ ಮೇಲೆ ಮಳೆ ತನ್ನ ಕೆಲಸ ಮಾಡಿತು. ನಮ್ಮತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಇದು.

ಯಾವಾಗ ಹೋಗಬೇಕು

ಮೇ, ಜೂನ್, ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜ, ಎಲ್ಲ ಕಡೆ ಜನ, ರೂಮಿನ ಬಾಡಿಗೆಯೂ ಜಾಸ್ತಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಚಳಿಗಾಲದಲ್ಲಿ ಕೆಲವು ಕೋಟೆಗಳು ವಾರದಲ್ಲಿ ಕೆಲವು ದಿನ ತೆರೆಯುವುದೇ ಇಲ್ಲ.

ಮಳೆ ಯಾವಾಗ ಬೇಕಾದರೂ ಬರುತ್ತದೆ. ಕೊಡೆ ನೆಚ್ಚಿಕೊಳ್ಳಬೇಡಿ, ಬುರುಜಿನ ಮೇಲಿನ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್‌ಕೋಟ್ ಸಾಕು. ನಿಜ ಹೇಳಬೇಕೆಂದರೆ ಜಿಟಿಜಿಟಿ ಮಳೆಯಲ್ಲೇ ಈ ಜಾಗಗಳು ಚೆನ್ನ. ಕಲ್ಲು ನೆನೆದು ಕಪ್ಪಾಗುತ್ತದೆ, ಪಾಚಿ ಹೊಳೆಯುತ್ತದೆ, ಜನ ಇರುವುದಿಲ್ಲ.

ಲೈಸೆನ್ಸ್, ಕಾರು

ಭಾರತದ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಅಲ್ಲೇ ನೆಲೆಸಿದವರು ಅಷ್ಟರೊಳಗೆ ಅಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಬಾಡಿಗೆ ಕಂಪನಿಗಳ ನಿಯಮ ಬೇರೆ ಬೇರೆ ಇರುತ್ತದೆ, ಕೆಲವರು ಅಂತರರಾಷ್ಟ್ರೀಯ ಪರ್ಮಿಟ್ಟೂ ಕೇಳಬಹುದು. ಬುಕ್ ಮಾಡುವಾಗಲೇ ವಿಚಾರಿಸಿ, ಕೌಂಟರಿನಲ್ಲಿ ನಿಂತು ಅಲ್ಲ. ರಸ್ತೆಯ ಎಡಗಡೆ ಓಡಿಸುವುದು ನಮ್ಮ ಹಾಗೇ, ಅದೊಂದು ದೊಡ್ಡ ನೆಮ್ಮದಿ.

ಕಾರು ಚಿಕ್ಕದಿರಲಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿ. ನಾವು ಮೊದಲ ಸಲ ಆರು ಜನ ಅಂತ ದೊಡ್ಡ ಗಾಡಿ ತೆಗೆದುಕೊಂಡೆವು. ಫೋನಿನ ಮ್ಯಾಪ್ ಹತ್ತಿರದ ದಾರಿ ಅಂತ ಒಂದು ಓಣಿಗೆ ಇಳಿಸಿತು. ಎರಡೂ ಕಡೆ ಕಾರಿಗಿಂತ ಎತ್ತರದ ಹಸಿರು ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂತು. ಪಾಪ, ಆತ ಇಂಜಿನ್ ಆಫ್ ಮಾಡಿ ನಗುತ್ತಾ ಕೂತ. ನಮ್ಮವರು ಕಾಲು ಗಂಟೆ ರಿವರ್ಸ್ ಬಂದರು. ಬೇಲಿಯಲ್ವಾ, ತಾಗಿದರೆ ಏನಾಗುತ್ತದೆ ಅಂದುಕೊಂಡೆವು. ಆ ಎಲೆಗಳ ಹಿಂದೆ ಇದ್ದಿದ್ದು ಕಲ್ಲಿನ ಗೋಡೆ. ಒಂದು ಕನ್ನಡಿ ಹೋಯಿತು, ಬಾಗಿಲ ಉದ್ದಕ್ಕೂ ಗೀರು ಬಿತ್ತು, ಕಾರು ವಾಪಸ್ ಕೊಡುವಾಗ ಅದರ ಬಿಲ್ಲೂ ಬಂತು. ಆರು ಜನ ಇದ್ದರೆ ಎರಡು ಚಿಕ್ಕ ಕಾರು ತೆಗೆದುಕೊಳ್ಳಿ.

ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಪೋಸ್ಟ್‌ಕೋಡ್ ಒಂದನ್ನೇ ನಂಬಬೇಡಿ. ಹಳ್ಳಿ ಕಡೆ ಒಂದೇ ಪೋಸ್ಟ್‌ಕೋಡ್ ದೂರ ದೂರದ ಮನೆಗಳಿಗೆ ಇರುತ್ತದೆ, ಯಾರದೋ ಕೊಟ್ಟಿಗೆ ಮುಂದೆ ನಿಂತಿರುತ್ತೀರಿ. ಅಬ್ಬಿಯ ಹೆಸರನ್ನೇ ಹಾಕಿ ಹುಡುಕಿ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಇಳಿದ ಕೂಡಲೇ ತುಂಬಿಸಿ.

ಟಿಕೆಟ್ ಲೆಕ್ಕ

ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ವೇಲ್ಸ್ ಸರಕಾರದ ಸಂಸ್ಥೆಯ ಹೆಸರು ಕ್ಯಾಡು. ವೆಲ್ಶ್ ಭಾಷೆಯಲ್ಲಿ ಆ ಪದಕ್ಕೆ ಕಾಪಾಡು, ಉಳಿಸಿಕೋ ಅಂತ ಅರ್ಥ. ನಮ್ಮ ‘ಕಾಯು’, ‘ಕಾದು’ ನೆನಪಾಗುತ್ತದೆ ಅಲ್ವಾ? ಕಾಕತಾಳೀಯ ಅಷ್ಟೇ, ಆದರೆ ಹೆಸರು ನೆನಪಿಟ್ಟುಕೊಳ್ಳಲು ಒಳ್ಳೆ ಉಪಾಯ.

ಇವರ ಕೈಯಲ್ಲಿ ನೂರಕ್ಕೂ ಜಾಸ್ತಿ ಜಾಗಗಳಿವೆ. ದೊಡ್ಡ ಕೋಟೆಗಳಿಗೆ ಟಿಕೆಟ್ ಇದೆ. ಚಿಕ್ಕಪುಟ್ಟವು ಎಷ್ಟೋ ಉಚಿತ, ಕಾವಲುಗಾರನೂ ಇರುವುದಿಲ್ಲ. ವರ್ಷದಲ್ಲಿ ನಾಲ್ಕೈದು ದೊಡ್ಡ ಕೋಟೆ ನೋಡುವ ಯೋಚನೆ ಇದ್ದರೆ ಕುಟುಂಬದ ಸದಸ್ಯತ್ವದ ಬೆಲೆಯನ್ನೊಮ್ಮೆ ಬಿಡಿ ಟಿಕೆಟ್‌ಗಳ ಜತೆ ಇಟ್ಟು ನೋಡಿ. ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸದಸ್ಯತ್ವ ಕಾರ್ಡ್ ನಿಮ್ಮ ಬಳಿ ಇದ್ದರೆ ಇಲ್ಲೂ ರಿಯಾಯಿತಿ ಸಿಗುತ್ತದೆ, ಕೇಳಿ. ಎಲ್ಲವೂ ಕ್ಯಾಡುವಿನವಲ್ಲ, ಅದನ್ನೂ ನೋಡಿಕೊಳ್ಳಿ. ಏಳನೇ ಹೆನ್ರಿ ಹುಟ್ಟಿದ ಪೆಂಬ್ರೋಕ್ ಕೋಟೆ ಒಂದು ಟ್ರಸ್ಟಿನದು, ಕಾರ್ಡಿಫ್ ಕೋಟೆ ನಗರಸಭೆಯದು. ಕ್ಯಾಡು ಸದಸ್ಯತ್ವ ಅಲ್ಲಿ ನಡೆಯುವುದಿಲ್ಲ.

ಸಮಯದ ವಿಷಯ. ಟಿಕೆಟ್ ಇರುವ ಕಡೆ ಸಾಮಾನ್ಯವಾಗಿ ಮುಚ್ಚುವ ಅರ್ಧ ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲಿಸುತ್ತಾರೆ. ಉಚಿತ ಜಾಗಗಳಲ್ಲೂ ಎಷ್ಟೋ ಕಡೆ 10ರಿಂದ 4 ಅಂತ ಬೋರ್ಡ್ ಇರುತ್ತದೆ. ಅದಕ್ಕೇ ಊಟ ಆದ ಕೂಡಲೇ ಅಬ್ಬಿಗೆ ಹೊರಡಿ ಅಂದಿದ್ದು. ಎರಡೂವರೆಗೆ ಅಲ್ಲಿರಬೇಕು. ಹೊರಡುವ ಹಿಂದಿನ ರಾತ್ರಿ ವೆಬ್‌ಸೈಟ್ ನೋಡಿ, ರಿಪೇರಿಗೆ ಅಂತ ಕೆಲವು ಭಾಗ ಮುಚ್ಚಿರುವುದೂ ಉಂಟು.

ರಸ್ತೆಯ ಮರ್ಯಾದೆ

ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್. ಇಂಗ್ಲೆಂಡಿನಿಂದ ಬರುವವರು 30ರ ಅಭ್ಯಾಸದಲ್ಲಿ ಸಿಕ್ಕಿಬೀಳುತ್ತಾರೆ. ಬೀದಿ ದೀಪ ಕಂಡ ಕೂಡಲೇ ಕಾಲು ತೆಗೆಯಿರಿ. ಊರಾಚೆ ಬಿಳಿ ವೃತ್ತಕ್ಕೆ ಕರಿ ಗೆರೆ ಎಳೆದ ಬೋರ್ಡ್ ಬಂದರೆ ಮಿತಿ 60 ಮೈಲಿ. ಮಿತಿ ಅಷ್ಟೇ, ಆಹ್ವಾನ ಅಲ್ಲ. ಆ ರಸ್ತೆಗಳಲ್ಲಿ ನಾನು 30ಕ್ಕಿಂತ ಜಾಸ್ತಿ ಹೋದದ್ದೇ ಕಮ್ಮಿ.

ಒಂದೇ ಕಾರು ಹಿಡಿಯುವ ರಸ್ತೆಗಳಲ್ಲಿ ಅಲ್ಲಲ್ಲಿ ಬದಿಗೆ ಸ್ವಲ್ಪ ಅಗಲ ಮಾಡಿರುತ್ತಾರೆ. ಅದು ನಿಮ್ಮ ಎಡಕ್ಕೆ ಇದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕೆ ಇದ್ದರೆ ಅದರೊಳಗೆ ನುಗ್ಗಬೇಡಿ, ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಲ್ಲಿ, ಎದುರಿನವರು ಅದರೊಳಗೆ ಸರಿದು ಹೋಗುತ್ತಾರೆ. ಏರು ಹತ್ತುತ್ತಿರುವವರಿಗೆ ದಾರಿ ಬಿಡಿ. ಅಲ್ಲಿ ಫೋಟೋಗೆ ಅಂತ ಕಾರು ನಿಲ್ಲಿಸಿ ಇಳಿಯಬೇಡಿ. ದಾಟುವಾಗ ಸ್ಟಿಯರಿಂಗ್ ಮೇಲಿಂದ ಒಂದು ಕೈ ಸ್ವಲ್ಪ ಎತ್ತಿ, ಅದೇ ಇಲ್ಲಿನ ನಮಸ್ಕಾರ. ಎತ್ತದಿದ್ದರೆ ಊರಿಗೆ ಹೊಸಬರು ಅಂತ ಗೊತ್ತಾಗುತ್ತದೆ.

ರಸ್ತೆಗೆ ಅಡ್ಡವಾಗಿ ಕಬ್ಬಿಣದ ಕಂಬಿಗಳನ್ನು ಹಾಸಿದ್ದು ಕಂಡರೆ ನಿಧಾನವಾಗಿ ದಾಟಿ. ಕುರಿ ದನ ದಾಟದ ಹಾಗೆ ಮಾಡಿದ್ದು ಅದು. ದಾಟಿದ ಮೇಲೆ ಕುರಿಗಳು ಎಲ್ಲಿ ಬೇಕಾದರೂ ಇರುತ್ತವೆ, ರಸ್ತೆಯ ನಡುವೆ ಮಲಗಿರುತ್ತವೆ. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ದರೆ ಮರಿ ಅಡ್ಡ ಓಡಿಯೇ ಓಡುತ್ತದೆ. ಕಾಯಿರಿ. ಹಾರ್ನ್ ಮಾಡಬೇಡಿ.

ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ರಸ್ತೆ ಮೇಲೆ ಎ-ಆರ್-ಎ-ಎಫ್ ಅಂತ ದೊಡ್ಡದಾಗಿ ಬರೆದಿದ್ದರೆ ನಿಧಾನ ಅಂತ. ಅದನ್ನು ಓದುವುದು ‘ಆರವ್’, ಒಂಟಿ ಎಫ್ ಇಲ್ಲಿ ವಕಾರ. ಡಬ್ಲ್ಯು ಹೆಚ್ಚಿನ ಕಡೆ ಉಕಾರ. ಡಬಲ್ ಎಲ್ ಬಂದರೆ ನಾಲಿಗೆಯನ್ನು ಲ ಅನ್ನುವ ಜಾಗದಲ್ಲಿಟ್ಟು ಬದಿಯಿಂದ ಉಸಿರು ಊದಿ. ಒಮ್ಮೆ ನಿಯಮ ತಿಳಿದರೆ ನಮ್ಮ ಕನ್ನಡದ ಹಾಗೇ ಬರೆದಂತೆ ಓದಿಕೊಂಡು ಹೋಗಬಹುದು, ಇಂಗ್ಲಿಷಿನ ರಗಳೆ ಇಲ್ಲ. ‘ಕಾಸ್ಟೆಲ್’ ಅಂದರೆ ಕೋಟೆ, ‘ಅಬಾಟಿ’ ಅಂದರೆ ಅಬ್ಬಿ, ‘ಅಬರ್’ ಅಂದರೆ ನದಿ ಸೇರುವ ಜಾಗ, ‘ಮಾಯ್ಸ್ ಪಾರ್ಕ್ಯೊ’ ಅಂದರೆ ಪಾರ್ಕಿಂಗ್, ‘ಆರ್ ಗಾಯ್’ ಅಂದರೆ ಮುಚ್ಚಿದೆ. ಕೊನೆಯದು ಮುಖ್ಯ.

ಮೊದಲ ಸಲ ಹೋಗುವವರಿಗೆ: ಎರಡು ದಿನ, ವೈ ನದಿ

ಲಂಡನ್ನಿನಿಂದ ಚೆಪ್‌ಸ್ಟೋಗೆ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆ. ಸೆವರ್ನ್ ಸೇತುವೆಯ ಟೋಲ್ 2018ರ ಡಿಸೆಂಬರ್‌ನಲ್ಲೇ ತೆಗೆದುಬಿಟ್ಟರು. ಎಂ-4 ಹೆದ್ದಾರಿಯಲ್ಲಿ ನೇರ ಹೋಗದೆ ಎಂ-48 ಹಿಡಿದು ಹಳೆಯ ಸೇತುವೆ ದಾಟಿದರೆ ಚೆಪ್‌ಸ್ಟೋ ಬಂದೇಬಿಟ್ಟಿತು.

ಬೆಳಿಗ್ಗೆ ಚೆಪ್‌ಸ್ಟೋ ಕೋಟೆ. 1067ರಲ್ಲಿ ಶುರು ಮಾಡಿದ್ದು, ಅಂದರೆ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮರು ವರ್ಷವೇ. ವೈ ನದಿಯ ಬಂಡೆಯ ಅಂಚಿನ ಮೇಲೆ ಉದ್ದಕ್ಕೆ ಚಾಚಿಕೊಂಡಿದೆ. ಇಲ್ಲಿ ತಪ್ಪದೆ ನೋಡಬೇಕಾದ್ದು ಗೋಡೆಯಲ್ಲ, ಬಾಗಿಲು. 1190ರ ಸುಮಾರಿನ ಮರದ ಜೋಡಿ ಬಾಗಿಲು, ಯುರೋಪಿನ ಕೋಟೆಗಳಲ್ಲೇ ಅತಿ ಹಳೆಯವು ಅನ್ನುತ್ತಾರೆ. 1962ರವರೆಗೂ ಹೆಬ್ಬಾಗಿಲಲ್ಲೇ ಇದ್ದವು, ಈಗ ಒಳಗೆ ನಿಲ್ಲಿಸಿದ್ದಾರೆ. ಎಂಟುನೂರು ವರ್ಷದ ಮರದ ಮುಂದೆ ಸುಮ್ನೆ ಎರಡು ನಿಮಿಷ ನಿಲ್ಲಿ.

ಅಲ್ಲಿಂದ ಎ-466 ಹಿಡಿದು ನದಿಯ ಬದಿಗೇ ಹೋದರೆ ಒಂಬತ್ತು ಕಿಲೋಮೀಟರಿಗೆ ಟಿಂಟರ್ನ್. 1131ರಲ್ಲಿ ಶುರುವಾದ ಅಬ್ಬಿ, ವೇಲ್ಸ್‌ನ ಮೊದಲ ಸಿಸ್ಟರ್ಶಿಯನ್ ಮಠ. ನೀವು ನೋಡುವ ದೊಡ್ಡ ಚರ್ಚ್ ಕಟ್ಟಿದ್ದು 1269ರಿಂದ 1301ರ ನಡುವೆ. 18ನೇ ಶತಮಾನದ ಕೊನೆಗೇ ಇಲ್ಲಿಗೆ ದೋಣಿಯಲ್ಲಿ ಪ್ರವಾಸಿಗಳು ಬರುತ್ತಿದ್ದರು, ಪಾಳುಕಟ್ಟಡ ನೋಡುವ ಹುಚ್ಚು ನಮ್ಮ ಕಾಲದ್ದಲ್ಲ. ಕಾಲಲ್ಲಿ ಶಕ್ತಿ ಇದ್ದರೆ ಹಳೆಯ ರೈಲು ಸೇತುವೆ ದಾಟಿ ಎದುರಿನ ಗುಡ್ಡ ಹತ್ತಿ. ಮೇಲೆ ‘ಸೈತಾನನ ಪೀಠ’ ಅನ್ನುವ ಬಂಡೆ ಇದೆ. ಅಲ್ಲಿ ನಿಂತು ಸೈತಾನ ಕೆಳಗಿನ ಸನ್ಯಾಸಿಗಳಿಗೆ ಆಸೆ ತೋರಿಸುತ್ತಿದ್ದನಂತೆ. ನದಿ ದಾಟಿದರೆ ಇಂಗ್ಲೆಂಡ್. ಅಂದರೆ ವೇಲ್ಸ್‌ನವರ ಕಥೆಯಲ್ಲಿ ಸೈತಾನ ನಿಂತಿದ್ದು ಇಂಗ್ಲೆಂಡಿನ ಕಡೆ, ಗಮನಿಸಿ.

ರಾತ್ರಿ ಅಬರ್‌ಗವೆನಿಯಲ್ಲಿ ಉಳಿಯಿರಿ. ಮರುದಿನ ಬೆಳಿಗ್ಗೆ ಅಲ್ಲಿಂದ 15 ಕಿಲೋಮೀಟರ್ ದೂರದ ರಾಗ್ಲನ್ ಕೋಟೆ. ಇದು 15ನೇ ಶತಮಾನದ್ದು, ಯುದ್ಧಕ್ಕಿಂತ ಜಾಸ್ತಿ ದೌಲತ್ತಿಗೆ ಕಟ್ಟಿದ್ದು. ಆರು ಮೂಲೆಯ ದೊಡ್ಡ ಬುರುಜಿಗೆ ಅದರದೇ ಬೇರೆ ಕಂದಕ. ಟಿಂಟರ್ನ್ ಮುಚ್ಚಿದ ಮೇಲೆ ಅದರ ಆಸ್ತಿ ಸಿಕ್ಕಿದ್ದು ಇದೇ ರಾಗ್ಲನ್ನಿನ ದೊರೆಗೆ, ವೂಸ್ಟರ್ ಅರ್ಲ್‌ಗೆ. ನೂರಹತ್ತು ವರ್ಷ ಕಳೆದು, 1646ರಲ್ಲಿ, ರಾಜನ ವಿರುದ್ಧ ಯುದ್ಧಕ್ಕಿಳಿದಿದ್ದ ಪಾರ್ಲಿಮೆಂಟಿನ ಸೈನ್ಯ ಮುತ್ತಿಗೆ ಹಾಕಿ ರಾಗ್ಲನ್ ಗೆದ್ದಿತು, ಆಮೇಲೆ ಆ ಬುರುಜಿನ ಬುಡ ಕೊರೆದು ಉರುಳಿಸಿತು. ಇದನ್ನು ಹೇಳಿದಾಗ ನಮ್ಮ ಮಾವ ಒಂದೇ ಮಾತಿನಲ್ಲಿ ಮುಗಿಸಿದರು. “ಮಠದ ಆಸ್ತಿ ಯಾರಿಗೆ ದಕ್ಕಿದೆ?” ಅದಕ್ಕೇ ಟಿಂಟರ್ನ್ ಆದ ಮೇಲೆ ರಾಗ್ಲನ್ ನೋಡಿ, ಉಲ್ಟಾ ಅಲ್ಲ.

ಮಧ್ಯಾಹ್ನ ಲಾಂತೋನಿ. ಅಬರ್‌ಗವೆನಿಯಿಂದ ಉತ್ತರಕ್ಕೆ ಕಣಿವೆಯೊಳಗೆ 17 ಕಿಲೋಮೀಟರ್. ನನಗೆ ಇಡೀ ವೇಲ್ಸ್‌ನಲ್ಲಿ ಅತಿ ಇಷ್ಟವಾದ ಜಾಗ. ಟಿಕೆಟ್ ಇಲ್ಲ. ಇದು ಸಿಸ್ಟರ್ಶಿಯನ್ನರದಲ್ಲ, ಅಗಸ್ಟೀನಿಯನ್ ಪಂಥದ ಪ್ರಿಯರಿ. ಅಬ್ಬಿಗಿಂತ ಒಂದು ಮೆಟ್ಟಿಲು ಕೆಳಗಿನ ಮಠ ಅಂದುಕೊಳ್ಳಿ. ಬೇಟೆಗೆ ಬಂದ ನಾರ್ಮನ್ ಸರದಾರನೊಬ್ಬ ಪಾಳು ಗುಡಿಯಲ್ಲಿ ತಂಗಿ, ಕತ್ತಿ ಬಿಟ್ಟು ಇಲ್ಲೇ ಉಳಿದುಬಿಟ್ಟನಂತೆ. ಸಾಲು ಕಮಾನುಗಳು ಉಳಿದಿವೆ, ಒಂದೊಂದು ಕಮಾನಿನಲ್ಲೂ ಒಂದು ತುಂಡು ಬೆಟ್ಟ. ಮಠದ ಮುಖ್ಯಸ್ಥರ ಮನೆ ಈಗ ಚಿಕ್ಕ ಹೋಟೆಲು, ಅದರ ನೆಲಮಾಳಿಗೆಯೇ ಬಾರು. ಕಾರು ಓಡಿಸುವವರಿಗೆ ಕಾಫಿ.

ಅಲ್ಲಿಂದ ವಾಪಸ್ ಬರಬೇಡಿ, ಧೈರ್ಯ ಇದ್ದರೆ ಮುಂದಕ್ಕೆ ಹೋಗಿ. ಗಾಸ್ಪೆಲ್ ಪಾಸ್ ಅನ್ನುವ ಘಾಟಿ, 549 ಮೀಟರ್ ಎತ್ತರ, ವೇಲ್ಸ್‌ನ ಅತಿ ಎತ್ತರದ ರಸ್ತೆ. ಒಂದೇ ಕಾರು ಹಿಡಿಯುತ್ತದೆ. ಮೇಲೆ ಕುದುರೆಗಳು ಬಿಡುಬೀಸಾಗಿ ಮೇಯುತ್ತಿರುತ್ತವೆ. ಆಚೆ ಇಳಿದರೆ ಹೇ-ಆನ್-ವೈ, ಹಳೆ ಪುಸ್ತಕದಂಗಡಿಗಳ ಊರು. ಮಂಜು ಕವಿದಿದ್ದರೆ ಅಥವಾ ಹಿಮ ಬಿದ್ದಿದ್ದರೆ ಈ ಸಾಹಸ ಬೇಡ.

ಎರಡನೇ ಸಲಕ್ಕೆ: ಪಶ್ಚಿಮ

ಲಾಂಡೈಲೋ ಊರನ್ನು ನೆಲೆ ಮಾಡಿಕೊಳ್ಳಿ. ಬೆಳಿಗ್ಗೆ ಕಾರೆಗ್ ಕೆನೆನ್ ಕೋಟೆ. ಸುಣ್ಣಕಲ್ಲಿನ ಬಂಡೆಯ ತುದಿಯಲ್ಲಿ, ಒಂದು ಬದಿ ಸೀದಾ ಪ್ರಪಾತ. ಪಾರ್ಕಿಂಗ್ ಮಾಡಿ ಕಡಿದಾದ ಏರು ಹತ್ತಬೇಕು, ಮಂಡಿನೋವು ಇದ್ದವರು ಕೆಳಗೆ ಟೀ ಕುಡಿಯಲಿ. ಕೋಟೆಯೊಳಗಿಂದ ಒಂದು ಸುರಂಗ ಗುಹೆಗೆ ಇಳಿಯುತ್ತದೆ. ಟಾರ್ಚ್ ಇಲ್ಲದೆ ಆಗುವುದಿಲ್ಲ, ಫೋನಿನ ಬೆಳಕು ಸಾಲದು. ಇಂಗ್ಲೆಂಡಿನ ಸಿಂಹಾಸನಕ್ಕೆ ಎರಡು ಮನೆತನಗಳು ಬಡಿದಾಡಿದ ‘ಗುಲಾಬಿ ಯುದ್ಧ’ಗಳ ಕಾಲದಲ್ಲಿ, 1462ರಲ್ಲಿ, 500 ಜನ ಹಾರೆ ಗುದ್ದಲಿ ಹಿಡಿದು ಇದನ್ನು ಕೆಡವಿದರು. ಇನ್ನೊಂದು ತಮಾಷೆ. 1960ರ ದಶಕದಲ್ಲಿ ಪಕ್ಕದ ಜಮೀನು ಮಾರುವಾಗ ಪತ್ರ ಬರೆದವರ ಕೈತಪ್ಪಿನಿಂದ ಕೋಟೆಯೂ ಅದರೊಳಗೆ ಸೇರಿಹೋಯಿತು, ಹೀಗೆ ರೈತ ಕುಟುಂಬ ಕೋಟೆಗೆ ಒಡೆಯರಾದರು. ಪಹಣಿ ತಿದ್ದಿಸಲು ಅಲೆದವರಿಗೆ ಇದನ್ನು ಓದಿ ಹೊಟ್ಟೆ ಉರಿಯಬಹುದು.

ಮಧ್ಯಾಹ್ನಕ್ಕೆ ಉತ್ತರದ ಟಾಲಿ ಅಬ್ಬಿ. ಕೆರೆಗಳ ಪಕ್ಕ, ಎತ್ತರಕ್ಕೆ ನಿಂತ ಒಂದು ಗೋಡೆಯ ತುಂಡು. ಕಟ್ಟುವಾಗಲೇ ದುಡ್ಡು ಮುಗಿದು ಅಂದುಕೊಂಡಷ್ಟು ದೊಡ್ಡದಾಗಲಿಲ್ಲ. ಇಪ್ಪತ್ತು ನಿಮಿಷ ಸಾಕು.

ಇನ್ನೊಂದು ದಿನ ಇದ್ದರೆ ಸ್ಟ್ರಾಟಾ ಫ್ಲೋರಿಡಾ. ಹೂಗಳ ಕಣಿವೆ ಅಂತ ಅರ್ಥ. 1164ರಲ್ಲಿ ಶುರುವಾದ ಮಠ. ಪಶ್ಚಿಮದ ಬಾಗಿಲಿನ ಕಮಾನು ಒಂದು ಬಿಟ್ಟರೆ ನೆಲದ ಮೇಲೆ ಜಾಸ್ತಿ ಏನೂ ಇಲ್ಲ, ಆದರೆ ಆ ಕಮಾನು ಒಂದೇ ಸಾಕು. ಪಕ್ಕದ ಸ್ಮಶಾನದಲ್ಲಿ 1756ರ ಒಂದು ಕಲ್ಲು ಹುಡುಕಿ. ಪೀಪಾಯಿ ಮಾಡುವವನೊಬ್ಬನ ಎಡಗಾಲಿನ ಸಮಾಧಿ ಅದು. ಹೌದು, ಕಾಲು ಮಾತ್ರ.

ಉತ್ತರದ ಬಗ್ಗೆ ಚುಟುಕಾಗಿ

ಉತ್ತರದ ನಾಲ್ಕು ಕೋಟೆಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಅವುಗಳ ಬಗ್ಗೆ ಓದಲು ಎಲ್ಲ ಕಡೆ ಸಿಗುತ್ತದೆ. ನಾನು ಹೇಳುವುದು ಇಷ್ಟೇ. ಸಮಯ ಕಮ್ಮಿ ಇದ್ದರೆ ಕಾನ್ವಿ, ಅಲ್ಲಿ ಊರ ಸುತ್ತಲಿನ ಗೋಡೆ ಮೇಲೆ ಉಚಿತವಾಗಿ ನಡೆಯಬಹುದು. ವಯಸ್ಸಾದವರು ಜತೆಗಿದ್ದರೆ ಕೆರ್ನಾರ್ವನ್, 2023ರಿಂದ ಅಲ್ಲಿ ಮೇಲಕ್ಕೆ ಹೋಗಲು ಲಿಫ್ಟ್ ಇದೆ. ಹಾರ್ಲೆಕ್‌ನಲ್ಲಿ ಸಮುದ್ರಕ್ಕೆ ಇಳಿಯುವ 108 ಮೆಟ್ಟಿಲು ಉಳಿದಿವೆ, ಸಮುದ್ರವೇ ದೂರ ಸರಿದುಹೋಗಿದೆ.

ಅಬ್ಬಿ ಬೇಕಾದರೆ ಲಾಂಗಾಲನ್ ಬಳಿಯ ವಾಲೆ ಕ್ರೂಸಿಸ್, 1201ರದ್ದು. ಸನ್ಯಾಸಿಗಳು ಮೀನು ಸಾಕುತ್ತಿದ್ದ ಕೊಳ ಇನ್ನೂ ಇದೆ. ಪಕ್ಕದಲ್ಲೇ ಕ್ಯಾರವಾನ್‌ಗಳ ಸಾಲು ನಿಂತಿರುತ್ತದೆ, ಫೋಟೋದಲ್ಲಿ ಅದನ್ನು ತಪ್ಪಿಸುವುದೇ ಒಂದು ಕಲೆ. ಊರ ಮೇಲಿನ ಗುಡ್ಡದಲ್ಲಿ ಡಿನಾಸ್ ಬ್ರಾನ್, ವೆಲ್ಶ್ ದೊರೆಗಳೇ ಕಟ್ಟಿದ್ದು. ಮುಕ್ಕಾಲು ಗಂಟೆ ಹತ್ತಬೇಕು. ಮೇಲೆ ಉಳಿದಿರುವುದು ನಾಲ್ಕಾರು ಗೋಡೆ, ತುಂಬಾ ಗಾಳಿ.

ಅಲ್ಲಿ ತಲುಪಿದ ಮೇಲೆ

ಮೊದಲು ಬುರುಜು ಹತ್ತಿ, ಆಮೇಲೆ ಉಳಿದದ್ದು. ಸುತ್ತು ಮೆಟ್ಟಿಲುಗಳು ಕಿರಿದು, ಸವೆದಿವೆ, ಕತ್ತಲೆ. ಮೇಲಿಂದ ಯಾರಾದರೂ ಬರುತ್ತಿದ್ದಾರಾ ಅಂತ ಕೂಗಿ ಕೇಳಿ ಹತ್ತಿ. ಇಳಿಯುವಾಗ ಅಗಲದ ಕಡೆ ಕಾಲಿಡಿ. ಸೀರೆ ಉಟ್ಟವರಿಗೆ ಕಷ್ಟ, ನಮ್ಮತ್ತೆ ಎರಡನೇ ದಿನಕ್ಕೆ ಚೂಡಿದಾರಕ್ಕೆ ಬಂದರು. ಚಪ್ಪಲಿ ಬೇಡವೇ ಬೇಡ, ಹಿಡಿತ ಇರುವ ಶೂ ಹಾಕಿ. ಮಕ್ಕಳಿಗೆ ಗೋಡೆ ಹತ್ತಬೇಡಿ ಅಂತ ಮೊದಲೇ ಹೇಳಿ, ಕೆಲವು ಕಡೆ ಕಂಬಿ ತುಂಬಾ ತಗ್ಗು.

ಅಬ್ಬಿಯಲ್ಲಿ ದಿಕ್ಕು ತಿಳಿಯುವುದು ಸುಲಭ. ಚರ್ಚಿನ ದೊಡ್ಡ ಕಿಟಕಿ ಇರುವ ಕಡೆ ಪೂರ್ವ. ಚರ್ಚಿಗೆ ತಾಗಿದ ಚೌಕ ಅಂಗಳ ಸನ್ಯಾಸಿಗಳು ನಡೆದಾಡುತ್ತಿದ್ದ ಜಾಗ, ಅದರ ಸುತ್ತ ಊಟದ ಮನೆ, ಮಲಗುವ ಮನೆ. ಎರಡು ಕಡೆ ನೋಡಿದರೆ ಮೂರನೆಯ ಕಡೆ ನೀವೇ ಬೋರ್ಡ್ ಓದದೆ ಹೇಳುತ್ತೀರಿ. ಟಿಂಟರ್ನ್‌ನಲ್ಲಿ ಈ ಅಂಗಳ ಮಾಮೂಲಿ ದಕ್ಷಿಣಕ್ಕಲ್ಲದೆ ಉತ್ತರಕ್ಕಿದೆ, ಅಲ್ಲಿ ಮೋಸ ಹೋಗಬೇಡಿ.

ಊಟ, ಶೌಚಾಲಯ, ಕೆಸರು

ಉಚಿತ ಜಾಗಗಳಲ್ಲಿ ಹೆಚ್ಚಾಗಿ ಶೌಚಾಲಯ ಇರುವುದಿಲ್ಲ. ಊರು ಬಿಡುವ ಮೊದಲೇ ಮುಗಿಸಿಕೊಳ್ಳಿ. ಮಧ್ಯಾಹ್ನಕ್ಕೆ ಚಪಾತಿ ಸುರುಳಿಯೋ ಚಿತ್ರಾನ್ನವೋ ಕಟ್ಟಿಕೊಂಡರೆ ಒಳ್ಳೆಯದು. ಹಳ್ಳಿ ಪಬ್‌ಗಳಲ್ಲಿ ಎಷ್ಟೋ ಕಡೆ ಎರಡು ಗಂಟೆಗೆಲ್ಲ ಅಡುಗೆಮನೆ ಮುಚ್ಚಿಬಿಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಗ್ಲಾಮಾರ್ಗನ್ ಸಾಸೇಜ್ ಅನ್ನುವ ಹೆಸರು ಕೇಳಿ ಹೆದರಬೇಡಿ, ಅದರಲ್ಲಿ ಮಾಂಸವಿಲ್ಲ. ಚೀಸು, ಲೀಕ್ ಅನ್ನುವ ಈರುಳ್ಳಿ ಜಾತಿಯ ಸೊಪ್ಪು, ಬ್ರೆಡ್ಡಿನ ಪುಡಿ. ಆದರೆ ವೆಲ್ಶ್ ರೇರ್‌ಬಿಟ್ ಸುಮ್ಮನೆ ಚೀಸ್ ಟೋಸ್ಟ್ ಅಂದುಕೊಂಡು ತಿನ್ನಬೇಡಿ. ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ, ಕೇಳಿ. ವೆಲ್ಶ್ ಕೇಕ್ ಹಂಚಿನ ಮೇಲೆ ಬೇಯಿಸಿದ ಪುಟ್ಟ ಬಿಲ್ಲೆ, ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಈಗ ಎಷ್ಟೋ ಕಡೆ ಬೆಣ್ಣೆ. ಅದನ್ನೂ ಕೇಳಿ. ಬಾರಾ ಬ್ರಿತ್ ಅನ್ನುವ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಟೀ ಜತೆ ತಿಂದರೆ ಘಾಟಿ ಹತ್ತಿದ ಸುಸ್ತು ಹೋಗುತ್ತದೆ.

ಕೊನೆಗೆ ಕಾರಿನಲ್ಲಿ ನಾಲ್ಕು ಹಳೆಯ ಪೇಪರ್ ಇಟ್ಟುಕೊಳ್ಳಿ. ಕೆಸರು ಶೂ ಇಡಲು. ಕುರಿ ಮೇಯುವ ಹುಲ್ಲಿನ ಮೇಲೆ ನಡೆದ ಶೂಗೆ ಅಂಟಿದ್ದು ಬರೀ ಕೆಸರಲ್ಲ. ಕಾರು ಹಿಂತಿರುಗಿಸುವ ಹಿಂದಿನ ಸಂಜೆ ಮ್ಯಾಟ್ ತೆಗೆದು ತೊಳೆದುಬಿಡಿ, ಇಲ್ಲದಿದ್ದರೆ ಕ್ಲೀನಿಂಗ್ ಚಾರ್ಜ್ ಅಂತ ಇನ್ನೊಂದು ಬಿಲ್.